ಎರಡು ಬೆರಳಿನ ಸನ್ನೆ

ನಜ್ಲಾಳಿಗೆ ಆ ಬೆಳಿಗ್ಗೆ ನರ ಸಿಗಲಿಲ್ಲ. ಮೀನು ಮಾರುವ ಉಮ್ ಶೀಮಾಳ ತೋಳು ದಪ್ಪನೆಯದು, ಬಿಸಿಲಿಗೆ ಕಂದಿದ್ದು. ರಬ್ಬರು ಪಟ್ಟಿ ಬಿಗಿದು ಮೊಣಕೈಯ ಒಳಮಡಿಕೆಯನ್ನು ಬೆರಳ ತುದಿಯಿಂದ ಎಷ್ಟು ಒತ್ತಿ ನೋಡಿದರೂ ನರ ಸಿಕ್ಕ ಹಾಗಾಗಿ ಜಾರಿಕೊಳ್ಳುತ್ತಿತ್ತು. ನಾಲ್ಕು ವರ್ಷದಿಂದ ಈ ಲ್ಯಾಬಿನಲ್ಲಿ ದಿನಕ್ಕೆ ಮೂವತ್ತು ತೋಳು ಹಿಡಿಯುವವಳು ಅವಳು. ಎರಡು ಸಲ ಚುಚ್ಚಿದ್ದಾಯಿತು, ಎರಡು ಸಲವೂ ಸಿರಿಂಜು ಖಾಲಿ. “ಚುಚ್ಚು ಡಾಕ್ಟರಮ್ಮ, ಚುಚ್ಚು. ನಾನೇನು ಬುಟ್ಟಿಯ ಮೀನಲ್ಲ, ಒದ್ದಾಡೋಕೆ,” ಎಂದಳು ಉಮ್ ಶೀಮಾ. ಡಾಕ್ಟರಮ್ಮ ಅನ್ನಿಸಿಕೊಂಡಾಗಲೆಲ್ಲ ನಜ್ಲಾ ಒಳಗೇ ಸ್ವಲ್ಪ ಕುಗ್ಗುತ್ತಾಳೆ. ತಾನು ಡಾಕ್ಟರಲ್ಲ, ವಿಜ್ಞಾನದ ಪದವಿ ಮುಗಿಸಿ ರಕ್ತ ತೆಗೆಯುವ ಕೆಲಸಕ್ಕೆ ಸೇರಿದವಳು ಎಂದು ಮೊದಮೊದಲು ತಿದ್ದುತ್ತಿದ್ದಳು. ಆಮೇಲೆ ತಿದ್ದುವುದೂ ಒಂದು ಜಂಬದ ಹಾಗೆ ಕಾಣಬಹುದೆಂದು ಬಿಟ್ಟಳು. ಹೀಗೆ ತಿದ್ದದೆ ಬಿಟ್ಟ ಸುಳ್ಳುಗಳು ಎಷ್ಟಿವೆಯೋ ಎಂದು ಈಗ ಅನ್ನಿಸಿ, ಹತ್ತಿಯ ಉಂಡೆ ಹಿಡಿದ ಕೈ ಒಂದು ಗಳಿಗೆ ನಿಂತಿತು.

ಬಾಗಿಲ ಬಳಿಯ ಬೆಂಚಿನ ಮೇಲೆ ಕಾಯುತ್ತಿದ್ದವರಲ್ಲಿ ಒಬ್ಬ ಮುದುಕ, “ಏನಂತೆ, ಮದುಮಗಳು ಎದ್ಲಂತಾ?” ಎಂದ. ಕಾಲುವೆಗೆ ಅಡ್ಡವಾಗಿ ಸಿಕ್ಕಿಕೊಂಡ ಹಡಗಿಗೆ ಊರು ಇಟ್ಟ ಹೆಸರು ಅದು. ಬದಿಯಲ್ಲಿ ಅದೇನು ಹೆಸರು ಬರೆದಿದೆಯೋ, ಸುಯೇಜಿನಲ್ಲಿ ಯಾರೂ ಅದನ್ನು ಹೇಳುತ್ತಿರಲಿಲ್ಲ. “ಎಲ್ಲಿ ಏಳ್ತಾಳೆ ಕಾಕಾ? ಹೊಸ್ತಿಲಿಗೆ ಅಡ್ಡ ಕಾಲು ಚಾಚಿ ಕೂತುಬಿಟ್ಟಿದ್ದಾಳೆ. ಏಳು ದಿನ ಆಗ್ತಾ ಬಂತು. ಹಿಂದೆ ಇಡೀ ಲೋಕದ ದಿಬ್ಬಣ ನಿಂತಿದೆ, ತಾಯಿ ಸ್ವಲ್ಪ ದಾರಿ ಬಿಡಮ್ಮ ಅಂತ,” ಎಂದಳು ಉಮ್ ಶೀಮಾ, ತೋಳು ನಜ್ಲಾಳ ಕೈಯಲ್ಲಿರುವಾಗಲೇ ಮೈಯೆಲ್ಲ ಕುಲುಕಿಸಿ ನಗುತ್ತ. “ನಮ್ಮ ಡಾಕ್ಟರಮ್ಮನೂ ಹಾಗೇ ನೋಡು. ಬಂದ ಗಂಡುಗಳನ್ನೆಲ್ಲ ಹೊಸ್ತಿಲಲ್ಲೇ ನಿಲ್ಲಿಸಿದ್ದಾಳೆ.” ಬೆಂಚು ನಕ್ಕಿತು. ನಜ್ಲಾಳೂ ನಕ್ಕಳು, ನಗದಿದ್ದರೆ ಇನ್ನೂ ಹೆಚ್ಚು ನೋಡುತ್ತಾರೆ. ಅಷ್ಟರಲ್ಲಿ ಬೆಂಚಿನ ತುದಿಯ ಹೆಂಗಸು ಮುದುಕನ ಪಕ್ಕೆ ತಿವಿದು ಕಿವಿಯಲ್ಲಿ ಏನೋ ಹೇಳಿದಳು, ಮುದುಕ ಕೆಮ್ಮಿದ, ಉಮ್ ಶೀಮಾ ಇದ್ದಕ್ಕಿದ್ದಂತೆ ತನ್ನ ತೋಳನ್ನು ತಾನೇ ಗಮನವಿಟ್ಟು ನೋಡತೊಡಗಿದಳು. ಆ ಪಿಸುಮಾತು ಏನೆಂದು ನಜ್ಲಾಳಿಗೆ ಗೊತ್ತು. ಇವಳಪ್ಪನೇ ಆ ಹಡಗನ್ನು ಕಾಲುವೆ ದಾಟಿಸುತ್ತಿದ್ದ ಪೈಲಟ್. ಕ್ಯಾಪ್ಟನ್ ರಿಫಾತ್.

ಹಾಗೆ ಎಲ್ಲರೂ ಸುಮ್ಮನಾದ ಹೊತ್ತಿನಲ್ಲಿ ನರ ಸಿಕ್ಕಿತು. ಸಿರಿಂಜಿನೊಳಗೆ ಕಪ್ಪು ಕೆಂಪಿನ ರಕ್ತ ಏರುವುದನ್ನು ನೋಡುತ್ತ, ಹತ್ತು ದಿನದ ಹಿಂದೆ ಇದೇ ಕುರ್ಚಿಯಲ್ಲಿ ಕೂತು, ರಬ್ಬರು ಪಟ್ಟಿಯ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದು, ತನ್ನ ಎಡಗೈಯಿಂದ ತಾನೇ ರಕ್ತ ತೆಗೆದುಕೊಂಡದ್ದು ಅವಳ ಬಾಯಿಗೆ ಆ ರಬ್ಬರಿನ ರುಚಿಯ ಸಮೇತ ಬಂತು. ಅದು ಭಾನುವಾರ, ಲ್ಯಾಬು ತೆರೆಯುವ ಮುಂಚೆ. ಮಾರನೆಯ ದಿನ ಪೈಲಟುಗಳ ವರ್ಷದ ಆರೋಗ್ಯ ತಪಾಸಣೆ. ಬಾಬಾ, ಎಂದರೆ ಅಪ್ಪ, ಹಿಂದಿನ ಸಂಜೆ ಅವಳ ಕೋಣೆಯ ಬಾಗಿಲಲ್ಲಿ ಒಂದು ಕೈ ಚೌಕಟ್ಟಿಗೆ ಕೊಟ್ಟು ನಿಂತಿದ್ದ. “ನಜ್ಲಾ, ಈ ಸಲ ಶುಗರ್ ಸ್ವಲ್ಪ ಜಾಸ್ತಿ ಬರಬಹುದಾ?” ಅಷ್ಟೇ ಕೇಳಿದ್ದು. ಅವರ ಮನೆಯಲ್ಲಿ ಬೇಕಾದ್ದನ್ನು ಕೇಳುವ ರೀತಿಯೇ ಅದು. ಅಮ್ಮ ಇದ್ದಾಗಲೂ ಉಪ್ಪು ಬೇಕಾದರೆ ಬಾಬಾ ‘ಇವತ್ತು ಸಾರು ಸಪ್ಪೆಯೇನೋ’ ಎಂದು ಬಟ್ಟಲಿಗೇ ಹೇಳಿಕೊಳ್ಳುತ್ತಿದ್ದ. ಅವಳೂ ಅಷ್ಟೇ, “ನೋಡೋಣ ಬಾಬಾ,” ಎಂದಳು. ತಪಾಸಣೆಯಲ್ಲಿ ಬಿದ್ದವರು ಏನಾಗುತ್ತಾರೆಂದು ಇಬ್ಬರಿಗೂ ಗೊತ್ತಿತ್ತು. ಬಾಬಾನ ಗೆಳೆಯನೊಬ್ಬ, ಮೂವತ್ತು ವರ್ಷ ಹಡಗು ದಾಟಿಸಿದವನು, ಈಗ ಕಚೇರಿಯ ಹಿಂದಿನ ಕೋಣೆಯಲ್ಲಿ ಕೂತು ಕಾಗದಗಳಿಗೆ ಠಸ್ಸೆ ಒತ್ತುತ್ತಾನೆ. ಬಾಬಾ ಆ ಕೋಣೆಯ ಮುಂದೆ ಹಾಯಬಾರದೆಂದು ಸುತ್ತು ಹಾಕಿ ಹೋಗುತ್ತಾನೆ. ಅವಳು ತನ್ನ ರಕ್ತದ ಕೊಳವೆಗೆ ಬಾಬಾನ ಹೆಸರು ಅಂಟಿಸಿದಳು. ಅದರಲ್ಲಿ ಬಂದ ಸಂಖ್ಯೆ ಎಂಬತ್ನಾಲ್ಕು. ಬಾಬಾನದ್ದು ಅವತ್ತು ಬೆಳಿಗ್ಗೆ ಮನೆಯಲ್ಲಿ ನೋಡಿದಾಗ ಇನ್ನೂರ ನಲವತ್ತಿತ್ತು. ಲ್ಯಾಬಿನ ಯಜಮಾನ ಡಾಕ್ಟರ್ ಲಬೀಬ್ ಮಧ್ಯಾಹ್ನದ ಹೊತ್ತಿಗೆ ಬಂದು, ಎಂದಿನಂತೆ ವರದಿಗಳ ಕಟ್ಟನ್ನು ಅವಳ ಮುಂದೆಯೇ ಒಂದೊಂದಾಗಿ ಸಹಿ ಮಾಡಿದರು, ಒಂದನ್ನೂ ಓದದೆ. “ನೀನು ನೋಡಿದ ಮೇಲೆ ನಾನೇನು ನೋಡೋದು,” ಎನ್ನುವುದು ಅವರ ರೂಢಿಯ ಮಾತು. ಆ ಮಾತಿಗೆ ಅವಳು ಪ್ರತಿಸಲ ತಲೆ ತಗ್ಗಿಸಿ ನಗುತ್ತಿದ್ದಳು. ಅವತ್ತೂ ನಕ್ಕಿದ್ದಳು, ಅದೇ ನಗೆ.

ಸೋಮವಾರ ತಪಾಸಣೆಗೆ ಬಾಬಾನ ಜೊತೆ ಅವಳೂ ಹೋಗಿದ್ದಳು. ವಯಸ್ಸಾದ ಡಾಕ್ಟರು ವರದಿ ಹಿಡಿದು ಕನ್ನಡಕದ ಮೇಲಿಂದ ನೋಡಿ, “ಏನು ಕ್ಯಾಪ್ಟನ್, ಇದು ನಿಮ್ಮ ರಕ್ತವೇನಾ? ಪ್ರಾಯದ ಹುಡುಗಿಯ ರಕ್ತದ ಹಾಗಿದೆಯಲ್ಲ!” ಎಂದು ನಕ್ಕರು. ಬೆಂಚಿನಲ್ಲಿ ಕೂತಿದ್ದ ನಜ್ಲಾಳ ಎಡಗೈ ತಾನಾಗಿ ಮಡಚಿಕೊಂಡಿತು. ಬಾಬಾ ಒಂದು ಕ್ಷಣವೂ ತಡೆಯಲಿಲ್ಲ. “ವಲ್ಲಾಹಿ ನಂದೇ ಡಾಕ್ಟ್ರೇ, ದೇವರಾಣೆಗೂ ನಂದೇ.” ಮಾತಿಗೊಮ್ಮೆ ವಲ್ಲಾಹಿ ಎನ್ನುವ ಊರು ಅದು, ಟೊಮ್ಯಾಟೊ ಮಾರುವವನೂ ದೇವರ ಮೇಲೆ ಆಣೆಯಿಟ್ಟೇ ಮಾರುತ್ತಾನೆ. ಬಾಬಾ ಮಾತ್ರ ಹಾಗೆ ಆಣೆಯಿಡುವ ಮನುಷ್ಯನಲ್ಲ. ಅವನ ಬಾಯಿಂದ ಆ ಮಾತನ್ನು ಅವಳು ಕೇಳಿದ್ದು ಬಹುಶಃ ಅದೇ ಮೊದಲು. ಹೊರಗೆ ಬಂದು ಕಾರಿನ ಬಾಗಿಲು ತೆಗೆಯುವಾಗ ಅವನು ಕೀಲಿಯನ್ನು ಎರಡು ಸಲ ಕೆಳಗೆ ಬೀಳಿಸಿದ. ಅವಳು ಹೆಕ್ಕಿಕೊಟ್ಟಳು. ಅವತ್ತು ರಾತ್ರಿಯೇ ಅವಳು ಬಾಬಾನ ಕೋಟಿನ ಕಿಸೆಯಲ್ಲಿ ಇಡುವ ಬೆಂಕಿಪೆಟ್ಟಿಗೆಯೊಳಗೆ ಸಕ್ಕರೆ ಕಾಯಿಲೆಯ ಮಾತ್ರೆ ಒಂದರ ಬದಲು ಎರಡೆರಡು ಇಟ್ಟಳು. ಸುಳ್ಳು ಸಂಖ್ಯೆಯನ್ನು ನಿಜ ಮಾಡಿಬಿಡಬೇಕೆಂಬ ಆತುರ. ದಿನಚರಿಯ ಮೂಲೆಯಲ್ಲಿ, ಬಾಬಾನ ಆ ದಿನದ ಸಂಖ್ಯೆ ಬರೆಯುವ ಜಾಗದಲ್ಲಿ, ‘ಇನ್ನು ಸರಿಯಾಗುತ್ತದೆ’ ಎಂದು ಬರೆದಳು.

“ಆಯ್ತಾ? ಕೈ ಮಡಚಲಾ?” ಎಂದಳು ಉಮ್ ಶೀಮಾ. ನಜ್ಲಾ ಬೆಚ್ಚಿ ಪಟ್ಟಿ ಬಿಚ್ಚಿದಳು. ಉಮ್ ಶೀಮಾ ಎದ್ದು ತಲೆವಸ್ತ್ರ ಸರಿಮಾಡಿಕೊಳ್ಳುತ್ತ, ಯಾರಿಗೂ ಕೇಳಿಸದ ಹಾಗೆ ಅಂದುಕೊಂಡು ಎಲ್ಲರಿಗೂ ಕೇಳಿಸುವ ಹಾಗೆ, “ಮಗಳೇ, ನನ್ನ ಬಾಯಿ ನಿಂಗೆ ಗೊತ್ತಲ್ಲ. ಬೇಜಾರು ಮಾಡ್ಕೋಬೇಡ. ನಿಮ್ಮಪ್ಪಂದು ಏನೂ ತಪ್ಪಿಲ್ಲಂತೆ, ಟೀವೀಲಿ ಬಂತು. ಗಾಳಿ, ಮತ್ತೆ ಆ ಚುಕ್ಕಾಣಿ ಹಿಡಿದೋನು,” ಎಂದಳು. ಅವಳ ಕರುಣೆ ಅವಳ ತಮಾಷೆಗಿಂತ ಹೆಚ್ಚು ಚುಚ್ಚಿತು.

ಗಾಳಿಯೇನೋ ಇತ್ತು. ಗುರುವಾರ ಬೆಳಗಾಗುವಾಗಲೇ ದಕ್ಷಿಣದಿಂದ ಮರಳು ಎದ್ದು ಬಂದು ಬಾಲ್ಕನಿಯ ಬಟ್ಟೆಗಳೆಲ್ಲ ಹಳದಿಯಾಗಿದ್ದವು. ಕತ್ತಲಿರುವಾಗ ಕೊಲ್ಲಿಯಿಂದ ಹೊರಟ ಸಾಲಿನಲ್ಲಿ ಐದನೆಯದು ಆ ಹಡಗು. ಪೆಟ್ಟಿಗೆಗಳ ಮೇಲೆ ಪೆಟ್ಟಿಗೆ ಪೇರಿಸಿದ, ಒಂದು ಬೀದಿಯಷ್ಟು ಉದ್ದದ ಹಡಗು. ಎಂಟು ಗಂಟೆಗೆ ಇನ್ನೂ ಸ್ವಲ್ಪ ಹೊತ್ತಿರುವಾಗ ಅದರ ಮೂತಿ ಪೂರ್ವದ ದಡಕ್ಕೆ ಹೊಕ್ಕಿತು, ಹಿಂಭಾಗ ತಿರುಗಿ ಪಶ್ಚಿಮದ ದಡಕ್ಕೆ ತಾಗಿತು. ಕಾಲುವೆಗೆ ಅಗುಳಿ ಹಾಕಿದಂತಾಯಿತು. ಲ್ಯಾಬಿನ ತಾರಸಿಗೆ ಹತ್ತಿದರೆ ಉತ್ತರಕ್ಕೆ, ಹೊಲಗಳಾಚೆ, ಇರಬಾರದ ಕಡೆ ಒಂದು ಅಪಾರ್ಟ್‌ಮೆಂಟು ಎದ್ದ ಹಾಗೆ ಕಾಣುತ್ತಿತ್ತು. ದಕ್ಷಿಣಕ್ಕೆ ಕೊಲ್ಲಿಯಲ್ಲಿ ಕಾಯುವ ಹಡಗುಗಳು, ದಿನದಿನಕ್ಕೆ ಹೆಚ್ಚುತ್ತಿದ್ದವು. ಅವಳು ತಾರಸಿಗೆ ಹೋಗುವುದನ್ನೇ ಬಿಟ್ಟಳು. ಬಾಬಾ ಶುಕ್ರವಾರ ಸಂಜೆ ಮನೆಗೆ ಬಂದ. ಅಂಗಿಯ ಕಾಲರಿನಲ್ಲಿ ಮರಳಿತ್ತು. ಅತ್ತೆ ಇನ್ಸಾಫ್, ಅಮ್ಮ ಹೋದ ಮೇಲೆ ಬಂದು ಮನೆ ಹಿಡಿದ ಬಾಬಾನ ಅಕ್ಕ, ಏನೂ ಕೇಳದೆ ಮೊಲೊಖಿಯಾ ಸೊಪ್ಪಿನ ಸಾರು ಬಡಿಸಿದಳು. ಬಾಬಾ ಉಂಡು, ಕೈ ತೊಳೆದು, ಟವೆಲಿನಲ್ಲಿ ಬಹಳ ಹೊತ್ತು ಕೈ ಒರೆಸುತ್ತ ನಿಂತ. “ಗಾಳಿ ಬಂತು,” ಎಂದ. ಆಮೇಲೆ, “ನಾಲ್ಕು ನಿಮಿಷ,” ಎಂದ. ಯಾವ ನಾಲ್ಕು ನಿಮಿಷವೆಂದು ಹೇಳಲಿಲ್ಲ. ಅವಳು ಕೋಟು ಒಗೆಯಲು ತೆಗೆದಾಗ ಕಿಸೆಯಲ್ಲಿ ಬೆಂಕಿಪೆಟ್ಟಿಗೆ ಖಾಲಿಯಿತ್ತು. ಪಕ್ಕದ ಕಿಸೆಯಲ್ಲಿ, ಕೈ ನಡುಗಿದರೆ ಬಾಯಿಗೆ ಹಾಕಿಕೊಳ್ಳಲೆಂದು ತಾನೇ ಸುತ್ತಿಟ್ಟ ಮೂರು ಖರ್ಜೂರ, ಮಡಿಕೆಯೂ ಬಿಚ್ಚದೆ ಹಾಗೇ ಇತ್ತು. “ತಿನ್ನಲಿಲ್ವಾ ಬಾಬಾ?” ಎಂದದ್ದಕ್ಕೆ, “ಮರೆತೆ,” ಎಂದ. ಹಡಗಿನಲ್ಲಿ ಊಟ ಕೊಡುತ್ತಾರೆ, ಪೈಲಟು ಹತ್ತಿದೊಡನೆ ತಟ್ಟೆ ತಂದಿಡುವುದು ಕಾಲುವೆಯ ಹಳೆಯ ಪದ್ಧತಿ, ಹಾಗಾಗಿ ಬೇಕಾಗಲಿಲ್ಲವೇನೋ ಎಂದು ಅವಳು ಅಂದುಕೊಂಡಳು. ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು.

ಹನ್ನೊಂದರ ಹೊತ್ತಿಗೆ ಬೆಂಚು ಖಾಲಿಯಾಗಿ, ಗೋಡೆಯ ಟೀವಿ ಮಾತ್ರ ಮಾತಾಡುತ್ತಿತ್ತು. ಅವಳು ಕೊಳವೆಗಳನ್ನು ಯಂತ್ರಕ್ಕೆ ಇಡುತ್ತಿದ್ದವಳು ತಲೆ ಎತ್ತಿದಾಗ ಪರದೆಯ ಮೇಲೆ ಆ ಮನುಷ್ಯ ಏಣಿಯಿಳಿಯುತ್ತಿದ್ದ. ಚುಕ್ಕಾಣಿ ಹಿಡಿದವನು. ಹೆಸರು ರೊಡೆಲ್, ಫಿಲಿಪೀನ್ಸಿನವನು, ಐವತ್ತು ದಾಟಿದವನು. ಕುಳ್ಳ, ತಲೆ ನರೆತಿತ್ತು. ಹಡಗಿನ ಬದಿಯ ಹಗ್ಗದ ಏಣಿಯಿಂದ ದೋಣಿಗೆ ಇಳಿಯುವಾಗ ಒಂದು ಕೈಯಲ್ಲಿ ಪ್ಲಾಸ್ಟಿಕ್ ಚೀಲವಿತ್ತು. ಅದು ಕಾಲಿಗೆ ಸಿಕ್ಕಿಕೊಂಡು, ದೋಣಿಯವರು ಅವನನ್ನು ಸೊಂಟ ಹಿಡಿದು ಇಳಿಸಿಕೊಳ್ಳಬೇಕಾಯಿತು. ಹಾಗೆ ಎತ್ತಿ ಇಳಿಸಲ್ಪಟ್ಟದ್ದಕ್ಕೆ ಅವನು ನಾಚಿ ನಕ್ಕ, ಕ್ಯಾಮೆರಾದ ಕಡೆಗೇ. ನಜ್ಲಾ ಕೊಳವೆಯನ್ನು ಕೈಯಲ್ಲೇ ಹಿಡಿದು ಆ ನಗೆಯನ್ನು ನೋಡಿದಳು. ಅದು ತನ್ನದೇ ನಗೆ. ಸುದ್ದಿಯವಳು ಹೇಳುತ್ತಿದ್ದಳು: ಪೈಲಟರು ಸನ್ನೆ ಕೊಟ್ಟಿದ್ದಾಗಿ ಪ್ರಮಾಣ ಮಾಡಿ ಹೇಳಿದ್ದಾರೆ, ಚುಕ್ಕಾಣಿಯವನು ಪೈಲಟರ ಕೈ ಅಲ್ಲಾಡಲೇ ಇಲ್ಲ, ತಾನು ಅವರ ಕೈಯನ್ನೇ ನೋಡುತ್ತಿದ್ದೆ ಎನ್ನುತ್ತಾನೆ, ವಿಚಾರಣೆ ಮುಗಿಯುವವರೆಗೆ ಅವನನ್ನು ಊರಿಗೆ ಕಳಿಸುವುದಿಲ್ಲ.

ಬಾಬಾನ ಕೈ. ಆ ಕೈಯನ್ನು ಅವಳಷ್ಟು ಯಾರು ಬಲ್ಲರು? ಹೆಚ್ಚು ಮಾತಿಲ್ಲದ ಮನುಷ್ಯ ಮೂವತ್ತು ವರ್ಷ ಹಡಗುಗಳನ್ನು ಎರಡು ಬೆರಳಿನಲ್ಲೇ ನಡೆಸಿದ್ದ. ದೊಡ್ಡ ತಿರುವಿಗೆ ಮಾತ್ರ ಬಾಯಿ ತೆರೆಯುವುದು. ಸಣ್ಣಪುಟ್ಟ ತಿದ್ದುಗಳಿಗೆಲ್ಲ ಗಾಜಿನ ಮುಂದೆ ನಿಂತು ತೋರುಬೆರಳು ನಡುಬೆರಳು ಜೋಡಿಸಿ ಎಡಕ್ಕೋ ಬಲಕ್ಕೋ ಇಷ್ಟೇ ಇಷ್ಟು ವಾಲಿಸುವುದು. ಹಿಂದೆ ನಿಂತ ಚುಕ್ಕಾಣಿಯವನು ಯಾವ ದೇಶದವನೇ ಆಗಿರಲಿ, ಯಾವ ಭಾಷೆಯವನೇ ಆಗಿರಲಿ, ಆ ಬೆರಳುಗಳನ್ನು ನೋಡಿ ತಿರುಗಿಸುತ್ತಾನೆ. ಹಾಗೆ ಮಾಡಬಾರದು, ಪ್ರತಿಯೊಂದನ್ನೂ ಬಾಯಿಬಿಟ್ಟು ಹೇಳಬೇಕು ಎಂದು ನಿಯಮವಿದೆಯೆಂದೂ, ಹುಡುಗ ಪೈಲಟುಗಳು ಮಾತ್ರ ಅದನ್ನು ಪಾಲಿಸುತ್ತಾರೆಂದೂ ಅವನೇ ಒಮ್ಮೆ ನಕ್ಕು ಹೇಳಿದ್ದ. ಅವಳು ಸಣ್ಣವಳಿದ್ದಾಗ ಸಂಜೆ ಕಾಲುವೆಯ ದಡದಲ್ಲಿ ನಡೆಯುವಾಗ ಬಾಬಾ ಕೈ ಹಿಡಿಯುತ್ತಿರಲಿಲ್ಲ, ಮುಂದೆ ನಡೆಯುತ್ತಿದ್ದ. ಬೆನ್ನ ಹಿಂದೆ ಕಟ್ಟಿದ ಕೈಯ ಎರಡು ಬೆರಳು ಎಡಕ್ಕೆ ವಾಲಿದರೆ ಅವಳು ಎಡಕ್ಕೆ, ಬಲಕ್ಕೆ ವಾಲಿದರೆ ಬಲಕ್ಕೆ. ಅವಳು ಒಂದು ಹಡಗಾಗಿದ್ದಳು. ಒಂದು ಸಲ ಬಾಬಾ ಯಾರ ಜೊತೆಗೋ ಮಾತಿಗೆ ನಿಂತು ಬೆರಳು ಅಲ್ಲಾಡಿಸುವುದನ್ನು ಮರೆತಾಗ, ಅವಳು ಬಿಸಿಲಿನಲ್ಲಿ ಆ ಬೆರಳುಗಳನ್ನೇ ನೋಡುತ್ತ, ಒಂದು ಹೆಜ್ಜೆಯೂ ಇಡದೆ, ಕಾದು ನಿಂತಿದ್ದಳು. ಎಷ್ಟು ಹೊತ್ತು ಕಾದಿದ್ದೆ ಎಂದು ಈಗ ನೆನಪಿಲ್ಲ. ನಾಲ್ಕು ನಿಮಿಷವಿರಬಹುದು.

ಮಂಗಳವಾರ, ಅಂದರೆ ನಿನ್ನೆ, ಬಾಬಾ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ವಿಚಾರಣೆಗೆ ಹೋಗಿ ಬಂದಿದ್ದ. ಇವತ್ತು ಬೆಳಿಗ್ಗೆ ಅವಳು ಕೊಟ್ಟ ಚಹಾ ಮುಟ್ಟಲಿಲ್ಲ; ಹೊಟ್ಟೆ ಸರಿಯಿಲ್ಲ ಎಂದ. ಅವಳು ಲೋಟವನ್ನು ಅವನ ಪಕ್ಕದಲ್ಲೇ ಇಟ್ಟು ಬಂದಿದ್ದಳು.

ಮೊದಲ ಕೂಗು ನಾಲ್ಕು ಗಂಟೆಯ ಸುಮಾರಿಗೆ ಕೇಳಿತು. ಒಂದು ಹಡಗಿನ ಸೈರನ್, ಉದ್ದಕ್ಕೆ, ಹೊಟ್ಟೆಯೊಳಗಿಂದ. ಅದು ನಿಲ್ಲುವ ಮುಂಚೆ ಇನ್ನೊಂದು, ಆಮೇಲೆ ಕೊಲ್ಲಿಯ ಅಷ್ಟೂ ಹಡಗುಗಳು ಒಟ್ಟಿಗೆ. ಲ್ಯಾಬಿನ ಗಾಜಿನ ಕೊಳವೆಗಳೆಲ್ಲ ಚೌಕಟ್ಟಿನಲ್ಲಿ ಸಣ್ಣಗೆ ಕಿಣಿಗುಟ್ಟಿದವು. ಬೀದಿಯಲ್ಲಿ ಜನ ಓಡಿದರು. “ಎದ್ಲು! ಮದುಮಗಳು ಎದ್ಲು!” ಯಾರೋ ಹೆಂಗಸರು ಮದುವೆ ಮನೆಯಲ್ಲಿ ಹಾಕುವ ಹಾಗೆ ನಾಲಗೆ ತಿರುಗಿಸಿ ಉಲುಲು ಹಾಕಿದರು. ಡಾಕ್ಟರ್ ಲಬೀಬ್ ಒಳಗಿನ ಕೋಣೆಯಿಂದ ಚಪ್ಪಲಿಯನ್ನೂ ಮೆಟ್ಟದೆ ಬಂದು, “ತಾರಸಿಗೆ ಬಾ, ನಜ್ಲಾ, ಬಾ!” ಎಂದು ಮೆಟ್ಟಿಲೇರಿದರು. ಅವಳೂ ಹೋಗಬೇಕಾಯಿತು. ಉತ್ತರದಲ್ಲಿ ಅಪಾರ್ಟ್‌ಮೆಂಟು ಮೆಲ್ಲಗೆ ತಿರುಗುತ್ತಿತ್ತು. ಅಗಲವಾಗಿದ್ದದ್ದು ಕಿರಿದಾಗಿ, ಕಿರಿದಾಗಿ, ಕೊನೆಗೆ ಎಲ್ಲ ಹಡಗುಗಳ ಹಾಗೆ ಬೆನ್ನು ತೋರಿಸಿ ನಿಂತಿತು. ಟಗ್ ದೋಣಿಗಳು ಅದರ ಸುತ್ತ ನೊಣಗಳಂತೆ ಕಂಡವು. ಡಾಕ್ಟರರ ಕಣ್ಣಲ್ಲಿ ನೀರಿತ್ತು. “ಮಬ್ರೂಕ್, ಶುಭವಾಯ್ತು ಮಗಳೇ, ನಿಮ್ಮಪ್ಪನಿಗೆ ಹೇಳು. ಒಂದು ವಾರ ಆ ಮನುಷ್ಯ ಹೇಗೆ ಕಳೆದನೋ. ಇನ್ನು ಯಾರೂ ಏನೂ ಅನ್ನಲ್ಲ. ಹೋಗು, ಇವತ್ತು ಬೇಗ ಹೋಗು.” ಅವಳ ಕೈಗೆ ಎದುರಂಗಡಿಯಿಂದ ತರಿಸಿದ ಬಸ್ಬೂಸಾ ಸಿಹಿಯ ಪೊಟ್ಟಣ ಇಟ್ಟರು, ಪಾಕ ಕಾಗದದ ಹೊರಗೆ ಒಸರಿ ಬೆರಳಿಗೆ ಅಂಟಿತು. ಹೇಳಿಬಿಡಬೇಕು, ಈಗಲೇ, ಈ ಬರಿಗಾಲಿನ ಮುದುಕರ ಮುಂದೆ, ಎಂದು ಅವಳ ಬಾಯಿ ತೆರೆಯಿತು. “ಬರ್ತೀನಿ ಡಾಕ್ಟ್ರೇ,” ಎಂದಳು. ಕೆಳಗಿಳಿದು ನಲ್ಲಿಯಲ್ಲಿ ಕೈ ತೊಳೆದಳು, ಸೋಪು ಹಚ್ಚಿ, ರೋಗಿಗಳ ನಡುವೆ ತೊಳೆಯುವ ಹಾಗೆ, ಮೊಣಕೈವರೆಗೆ. ಎಡಗೈಯ ಒಳಮಡಿಕೆಯಲ್ಲಿ ಹತ್ತು ದಿನದ ಹಿಂದಿನ ಕಲೆ ಹಳದಿಯಾಗಿ ಮಾಸುತ್ತಿತ್ತು. ಇನ್ನೆರಡು ದಿನಕ್ಕೆ ಅದೂ ಇರುವುದಿಲ್ಲ.

ಮನೆಯಲ್ಲಿ ಅತ್ತೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಹೂಕೋಸು ಬಿಡಿಸುತ್ತಿದ್ದಳು. ಸೈರನ್ ಕೇಳಿ ಅತ್ತಿರಬೇಕು, ಮೂಗು ಕೆಂಪಾಗಿತ್ತು. ನಜ್ಲಾ ಪೊಟ್ಟಣ ಬಿಚ್ಚಿ, “ಬಾಬಾನಿಗೆ ಒಂದು ಚೂರು ಕೊಡಲಾ, ಇವತ್ತೊಂದಿನ?” ಎಂದಳು.

“ಕೊಟ್ಟರೂ ತಿನ್ನಲ್ಲ ಬಿಡು. ಸೂರ್ಯ ಮುಳುಗಿ ಮಗ್ರಿಬ್ ಆಗೋವರೆಗೂ ನೀರೂ ಮುಟ್ಟಲ್ಲ.”

“ಯಾಕೆ? ಹೊಟ್ಟೆ ಸರಿಯಿಲ್ಲ ಅಂದ.”

“ಹೊಟ್ಟೆಗೇನಾಗಿದೆ ಅವನಿಗೆ, ಕಲ್ಲು ಹೊಟ್ಟೆ.” ಅತ್ತೆ ಹೂಕೋಸಿನ ದಂಟು ಮುರಿದಳು. “ಉಪವಾಸ ಹಿಡಿದಿದ್ದಾನೆ. ನಿಂಗೆ ಹೇಳಬೇಡ ಅಂದಿದ್ದ, ನಾನು ಹೇಳಿಲ್ಲ, ನೀನು ಕೇಳಿಲ್ಲ. ಮೂರು ದಿನ ಅಂತೆ. ಹೋದ ವಾರವೂ ಮೂರು ದಿನ ಹಿಡಿದಿದ್ದ, ಮಂಗಳವಾರದಿಂದ. ಅದ್ಯಾವುದೋ ಆಣೆ ತೀರಿಸಬೇಕಂತೆ. ಹತ್ತು ಜನ ಬಡವರಿಗೆ ಉಣ್ಣಿಸಿದ್ರೂ ಆಗುತ್ತಲ್ಲೋ, ನಾನೇ ಮಾಡಿ ಹಾಕ್ತೀನಿ ಅಂದೆ. ಬೇಡಕ್ಕ, ಯಾಕೆ ಉಣ್ಣಿಸ್ತೀರಿ ಅಂತ ಜನ ಕೇಳ್ತಾರೆ ಅಂದ. ಉಪವಾಸ ಆದ್ರೆ ಯಾರಿಗೂ ಗೊತ್ತಾಗಲ್ಲವಂತೆ. ಏನು ಆಣೆ ಇಟ್ಟನೋ, ಯಾರ ಮೇಲೆ ಇಟ್ಟನೋ. ಹುಟ್ಟಿದಾಗಿಂದ ನೋಡ್ತಿದೀನಿ, ಆಣೆ ಇಡೋನೇ ಅಲ್ಲ ಅವನು.”

ಮಂಗಳವಾರ, ಬುಧವಾರ, ಗುರುವಾರ. ನಜ್ಲಾ ಬೇಸಿನ್ನಿನ ಅಂಚು ಹಿಡಿದುಕೊಂಡಳು. ಅವಳ ಒಳಗೆ ಯಾವುದೂ ಮಿಂಚಿನ ಹಾಗೆ ಹೊಳೆಯಲಿಲ್ಲ. ಬಹಳ ದಿನದಿಂದ ಗೊತ್ತಿದ್ದದ್ದು ಹಿಂದಿನಿಂದ ಬಂದು ಹೆಗಲು ಮುಟ್ಟಿದ ಹಾಗಾಯಿತು. ತನ್ನ ರಕ್ತ ಬಾಬಾನ ಹೆಸರಿನಲ್ಲಿ ಹೋಯಿತು. ಅದಕ್ಕೆ ಬಾಬಾ ದೇವರ ಆಣೆಯಿಟ್ಟ. ಆ ಆಣೆಗೆ ಪ್ರಾಯಶ್ಚಿತ್ತವೆಂದು ಹಸಿದ. ಹಸಿದ ಹೊಟ್ಟೆಗೆ, ಬೆಳಕು ಹರಿಯುವ ಮುಂಚೆ, ಮಗಳು ಇಟ್ಟ ಎರಡೆರಡು ಮಾತ್ರೆಯನ್ನು ನೀರಿನ ಜೊತೆ ನುಂಗಿದ. ಖರ್ಜೂರ ಕಿಸೆಯಲ್ಲಿತ್ತು, ತಿಂದರೆ ಉಪವಾಸ ಮುರಿಯುತ್ತದೆ. ಮೂರನೆಯ ದಿನ ಸಕ್ಕರೆ ತೀರಾ ಇಳಿದು, ಗಾಜಿನ ಮುಂದೆ ನಿಂತವನ ಎರಡು ಬೆರಳು ಅಲ್ಲಾಡಲಿಲ್ಲ, ಹಿಂದೆ ನಿಂತವನು ಅವನ್ನೇ ನೋಡುತ್ತ ಕಾದ. ಲೋಕದ ಹಡಗುಗಳೆಲ್ಲ ಒಂದು ವಾರ ನಿಂತದ್ದು, ಅವಳು ಹಲ್ಲಿನಲ್ಲಿ ಕಚ್ಚಿ ಎಳೆದ ಒಂದು ರಬ್ಬರು ಪಟ್ಟಿಗೆ. ಹೀಗೆ ಯೋಚಿಸುವುದರಲ್ಲೂ ಒಂದು ಜಂಬವಿದೆಯೆಂದು ಅವಳಿಗೆ ಹೊಳೆದು ಇನ್ನಷ್ಟು ನಾಚಿಕೆಯಾಯಿತು. ಆಮೇಲೆ, ಬಹಳ ನಿಧಾನವಾಗಿ, ಇನ್ನೊಂದು ಯೋಚನೆ ಬಂತು: ಇವತ್ತು ಮತ್ತೆ ಮೊದಲ ದಿನ. ನಿನ್ನೆ ವಿಚಾರಣೆ. ನಿನ್ನೆ ಬಾಬಾ ಇನ್ನೊಂದು ಆಣೆ ಇಟ್ಟಿದ್ದಾನೆ.

ಮಾತ್ರೆ. ಬೆಂಕಿಪೆಟ್ಟಿಗೆಗೆ ನಿನ್ನೆ ರಾತ್ರಿಯೂ ಅವಳು ಎರಡು ಹಾಕಿದ್ದಳು.

ಬಾಲ್ಕನಿಯಲ್ಲಿ ಬಾಬಾ ಬೆತ್ತದ ಕುರ್ಚಿಯಲ್ಲಿ ಕೂತಿದ್ದ. ಕೊಲ್ಲಿಯಿಂದ ಮೊದಲ ಹಡಗು ಆಗಲೇ ಕಾಲುವೆಯ ಬಾಯಿಗೆ ಬರುತ್ತಿತ್ತು. ಮನೆಗಳ ನಡುವೆ ಅದು ಬೀದಿಯಲ್ಲೇ ನಡೆದು ಬಂದ ಹಾಗೆ ಕಾಣುತ್ತಿತ್ತು. ಕುರ್ಚಿಯ ತೋಳಿನ ಮೇಲೆ ಅವನ ಎರಡು ಬೆರಳು ಇಷ್ಟೇ ಇಷ್ಟು ಎಡಕ್ಕೆ ವಾಲಿದವು. ಹಡಗು ಎಡಕ್ಕೆ ಬಂತು. ಅದಕ್ಕೆ ಬೇರೆ ಯಾರೋ ಹೇಳಿರುತ್ತಾರೆ. ಬೆರಳುಗಳು ನಡುಗುತ್ತಿದ್ದವು. ಹಣೆಯ ಮೇಲೆ ಬೆವರಿತ್ತು, ತಣ್ಣಗಿನ ಗಾಳಿಯಲ್ಲಿ.

ಅವಳು ಶುಗರ್ ನೋಡುವ ಮಶೀನು ತಂದು ನೆಲದ ಮೇಲೆ ಕೂತಳು. “ಬೆರಳು ಕೊಡು ಬಾಬಾ.” ಅವನು ಕೇಳದವನ ಹಾಗೆ ಸಮುದ್ರ ನೋಡಿದ. ಅವಳೇ ಕೈ ಎಳೆದುಕೊಂಡು ನಡುಬೆರಳಿಗೆ ಚುಚ್ಚಿದಳು. ಐವತ್ತೊಂದು. ಎದ್ದು ಹೋಗಿ ಚಹಾ ಮಾಡಿ ನಾಲ್ಕು ಚಮಚ ಸಕ್ಕರೆ ಹಾಕಿದಳು, ಕಲಕುವಾಗ ಚಮಚ ಗಾಜಿಗೆ ಬಡಿಯುತ್ತಿತ್ತು. ಬಾಲ್ಕನಿಗೆ ಮರಳುವ ಮುಂಚೆ ತನ್ನ ಕೋಣೆಗೆ ಹೋಗಿ ತಲೆದಿಂಬಿನ ಕೆಳಗಿಂದ ದಿನಚರಿಯನ್ನೂ ತಂದಳು. ಅದರಲ್ಲಿ ಅವಳ ಎಷ್ಟೋ ಮಾತುಗಳಿದ್ದವು, ಯಾರೂ ಓದಬಾರದವು. ಪ್ರತಿ ಪುಟದ ಮೂಲೆಯಲ್ಲಿ ಬಾಬಾನ ನಿಜವಾದ ಸಂಖ್ಯೆ, ತಾರೀಖಿನ ಸಮೇತ, ಮೂರು ವರ್ಷದ್ದು.

“ಕುಡಿ.”

“ಇನ್ನು ಅರ್ಧ ಗಂಟೆ ಮಗಳೇ. ಸೂರ್ಯ ಇಳೀಲಿ.”

“ನಿನ್ನೆ ಏನಂತ ಆಣೆ ಇಟ್ಟೆ?”

ಬಾಬಾ ಅಡುಗೆಮನೆಯ ಕಡೆ ನೋಡಿದ. ಅಲ್ಲಿ ಅತ್ತೆ ಪಾತ್ರೆಗಳನ್ನು ಬೇಕಾದ್ದಕ್ಕಿಂತ ಜೋರಾಗಿ ತೊಳೆಯುತ್ತಿದ್ದಳು. “ತೋರಿಸಿದೆ ಅಂತ,” ಎಂದ. “ಕೈಯಲ್ಲಿ ತೋರಿಸಿದೆ ಅಂತ.”

“ತೋರಿಸಿದ್ಯಾ?”

ಹಡಗು ಮನೆಗಳ ಹಿಂದೆ ಹೋಗಿ ಮರೆಯಾಯಿತು. ಅದು ಎಬ್ಬಿಸಿದ ನೀರು ಕಲ್ಲಿಗೆ ಬಡಿಯುವ ಸದ್ದು ಬಹಳ ಹೊತ್ತಿನ ಮೇಲೆ ಬಂತು. “ನೀರು ಬೆಳ್ಳಗಾಯ್ತು,” ಎಂದ ಬಾಬಾ. “ಎಲ್ಲಾ ಬೆಳ್ಳಗೆ, ಹಾಲಿನ ಹಾಗೆ. ಮರಳು ಅಂದ್ಕೊಂಡೆ. ಮತ್ತೆ ನೋಡಿದಾಗ ದಡ ಎದುರಿಗೇ ಬಂದಿತ್ತು. ನಡುವೆ ಏನಾಯ್ತೋ ನಂಗೆ ಗೊತ್ತಿಲ್ಲ ನಜ್ಲಾ. ಗೊತ್ತಿರೋದು ಒಂದೇ.” ಅವನು ತನ್ನ ಕೈಯನ್ನೇ ಬೇರೆ ಯಾರದ್ದೋ ಎಂಬಂತೆ ನೋಡಿದ. “ತಿರುಗಿ ನೋಡಿದೆ. ಆ ಮನುಷ್ಯ ನನ್ನ ಕೈ ನೋಡ್ತಾ ನಿಂತಿದ್ದ. ಇನ್ನೂ ಕಾಯ್ತಾ ಇದ್ದ. ಅಷ್ಟೊತ್ತಿಗೆ ಮೂತಿ ಮಣ್ಣಲ್ಲಿತ್ತು, ಆಗಲೂ ಕಾಯ್ತಾ ಇದ್ದ.”

“ಅವನನ್ನ ಊರಿಗೆ ಬಿಡಲ್ವಂತೆ.”

“ಹೂಂ.”

“ಇದಕ್ಕೆ ಮೂರು ದಿನ ಸಾಲುತ್ತಾ ಬಾಬಾ?”

ಅವನ ಕೆಳದುಟಿ ಸಣ್ಣ ಮಗುವಿನದ್ದರ ಹಾಗೆ ಅಲುಗಿತು, ಅವಳು ದೃಷ್ಟಿ ತೆಗೆದಳು. ಅಪ್ಪನನ್ನು ಹೀಗೆ ಕೇಳಬಾರದಿತ್ತು. ಕೇಳುವ ಯೋಗ್ಯತೆ ಇರುವವಳು ತಾನಲ್ಲ. “ಮೊದಲನೆಯದು ನಾನು ಮಾಡಿದ್ದು,” ಎಂದಳು, ನೆಲದ ಹಂಚಿಗೆ ಹೇಳುವ ಹಾಗೆ. “ಆ ರಕ್ತ ನಂದು. ಮಾತ್ರೆ ಜಾಸ್ತಿ ಮಾಡಿದ್ದೂ ನಾನೇ. ನೀನು ನನ್ನ ಹತ್ರ ಕೇಳಲೂ ಇಲ್ಲ. ನಾಳೆ ನಾನು ವಿಚಾರಣೆಗೆ ಹೋಗ್ತೀನಿ. ಇದನ್ನ ಕೊಡ್ತೀನಿ.” ದಿನಚರಿಯನ್ನು ಅವನ ಮೊಣಕಾಲ ಪಕ್ಕ ಇಟ್ಟಳು.

“ಕೇಳಿದ್ದೆ,” ಎಂದ ಬಾಬಾ. “ಬಾಗಿಲಲ್ಲಿ ನಿಂತು ಕೇಳಿದ್ದೆನಲ್ಲ.”

ಅವನು ದಿನಚರಿಯ ರಟ್ಟನ್ನು ಮುಟ್ಟಿ, ತೆರೆಯದೆ ಬಿಟ್ಟ.

“ನಿನ್ನ ಕೆಲಸ ಹೋಗುತ್ತೆ.”

“ಹೂಂ.”

“ಲಬೀಬ್ ಸಹಿ ಇದೆ ಅದರ ಮೇಲೆ. ಪಾಪದ ಮನುಷ್ಯ.”

“ಇವತ್ತು ಹೇಳೋಣ ಅಂತ ಬಾಯಿ ತೆರೆದೆ. ಆಗಲಿಲ್ಲ. ಮೊದಲು ಅವರ ಮನೆಗೇ ಹೋಗಿ ಹೇಳ್ತೀನಿ.”

“ಇಡೀ ಊರು ನಮ್ಮನ್ನ ನೋಡಿ...” ಎಂದ ಬಾಬಾ. ಕೆಳಗೆ ಬೀದಿಯಲ್ಲಿ ಹುಡುಗರು ಡಬ್ಬ ಬಡಿಯುತ್ತ ಮದುಮಗಳ ಹಾಡು ಕಟ್ಟಿ ಹಾಡುತ್ತಿದ್ದರು. ಎದುರು ಮನೆಯ ಕಿಟಕಿಯಿಂದ ಯಾರೋ, “ಮಬ್ರೂಕ್ ಕ್ಯಾಪ್ಟನ್!” ಎಂದು ಕೂಗಿದರು. ಬಾಬಾ ರೂಢಿಯ ಮೇಲೆ ಕೈಯನ್ನು ಎದೆಗೆ ಮುಟ್ಟಿಸಿದ. ಮುಟ್ಟಿಸಿದ ಕೈ ಅಲ್ಲೇ ಉಳಿಯಿತು.

ನಜ್ಲಾ ಲೋಟ ಎತ್ತಿ ಅವನ ಕಡೆ ಹಿಡಿದಳು. ಒತ್ತಾಯ ಮಾಡಲಿಲ್ಲ. ಈಗ ಕುಡಿದರೆ ಆ ಆಣೆಯನ್ನು ಉಪವಾಸದಲ್ಲಿ ತೊಳೆದುಕೊಳ್ಳುವ ದಾರಿ ಮುಚ್ಚಿತೆಂದು ಅವಳಿಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಆಮೇಲೆ ಉಳಿಯುವುದು ಬಾಯಿಬಿಟ್ಟು ಹೇಳುವುದೊಂದೇ. ಬಿಸಿ ಗಾಜು ಅವಳ ಬೆರಳನ್ನು ಸುಡುತ್ತಿತ್ತು. ಬದಲಾಯಿಸಿ ಹಿಡಿಯದೆ, ಆ ಎರಡು ಬೆರಳುಗಳನ್ನೇ ನೋಡುತ್ತ, ಸಣ್ಣವಳಿದ್ದಾಗ ದಡದಲ್ಲಿ ನಿಂತ ಹಾಗೆ ಕಾದಳು. ಅವು ಅವನ ಎದೆಯಿಂದ ಕೆಳಗಿಳಿದವು, ಗಾಳಿಯಲ್ಲಿ ಒಮ್ಮೆ ದಾರಿ ತಪ್ಪಿದವು, ಆಮೇಲೆ ಲೋಟದ ಅಂಚನ್ನು ಹುಡುಕಿ ಹಿಡಿದವು.

ಅವಳು ಮುಖ ಆಚೆ ತಿರುಗಿಸಿದಳು. ಗಾಜು ಹಲ್ಲಿಗೆ ತಾಗಿದ ಸದ್ದು ಕೇಳಿತು, ಒಂದು ಗುಟುಕು ಗಂಟಲಲ್ಲಿ ಇಳಿದ ಸದ್ದು, ಇನ್ನೊಂದು. ಮಸೀದಿಯಿಂದ ಇನ್ನೂ ಕರೆ ಬಂದಿರಲಿಲ್ಲ. ನೀರಿನ ಮೇಲೆ, ಕಾಯುವ ಹಡಗುಗಳ ಮೇಲೆ, ಅವರ ಬಾಲ್ಕನಿಯ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಬಿಸಿಲಿತ್ತು.